ಕ್ಲಬ್ಬಿನಲ್ಲಿ ಹಳಬರು ಹೊಸಬರಿಗೆ ಹೇಳಿಕೊಡುವುದು: ಎರಡೇ ಭೇಟಿಗೆ ನಿಂತುಹೋಗದಿರಲು ಏನು ಮಾಡಬೇಕು?

ಸಂಜೆಮಾತು:
ಸದಸ್ಯರ ಕ್ಲಬ್ ಅಂದಮೇಲೆ ಹಳಬರು ಹೊಸಬರಿಗೆ ಏನಾದರೂ ಹೇಳಿಕೊಡುವುದು ಇದ್ದೇ ಇರುತ್ತೆ. ಸಭೆ ನಡೆಸುವುದು, ಲೆಕ್ಕ ಬರೆಯುವುದು, ನಾಲ್ಕು ಜನರ ಮುಂದೆ ನಿಂತು ಮಾತಾಡುವುದು, ಚೆಸ್ ಆಡುವುದು, ಕೆಲಸ ಹುಡುಕುವವರಿಗೆ ದಾರಿ ತೋರಿಸುವುದು, ಹೀಗೆ. ಇದಕ್ಕೆ ತರಗತಿ ಇಲ್ಲ, ಶುಲ್ಕ ಇಲ್ಲ, ಸರ್ಟಿಫಿಕೇಟೂ ಇಲ್ಲ. ಆದರೆ ಹೆಚ್ಚಿನ ಕಡೆ ಎರಡು ಸಲ ಕೂತು ಮಾತಾಡಿದ ಮೇಲೆ ಸದ್ದಿಲ್ಲದೆ ನಿಂತುಹೋಗುತ್ತೆ. ಯಾಕೆ ನಿಲ್ಲುತ್ತೆ? ಜೋಡಿಯನ್ನು ಸಮಿತಿಯೇ ಹಾಕಬೇಕಾ, ತಾನಾಗಿ ಆಗಲಿ ಅಂತ ಬಿಡಬೇಕಾ? ಮೊದಲ ಸಲ ಕೂತಾಗ ಏನು ಮಾತಾಡಬೇಕು? ಮುಗಿಸುವುದು ಹೇಗೆ? "ಹೊಂದಾಣಿಕೆ ಇದ್ದರೆ ಆಗುತ್ತೆ" ಅನ್ನುವ ಉತ್ತರ ಬೇಡ. ಮಾಡುವ ಕ್ರಮ ಗೊತ್ತಿರುವವರು ಬಿಡಿಸಿ ಬರೆಯಿರಿ.

ಹಳೆಬೇರು:
ಜೋಡಿಯ ವಿಷಯದಿಂದ ಶುರು ಮಾಡುತ್ತೇನೆ, ಅರ್ಧ ಕೆಡುವುದು ಅಲ್ಲೇ.

ಸಮಿತಿ ಪಟ್ಟಿ ಹಿಡಿದು "ಇವರಿಗೆ ಇವರು" ಎಂದು ಓದಿಬಿಟ್ಟರೆ ಇಬ್ಬರಿಗೂ ಅದು ಡ್ಯೂಟಿ ಆಗುತ್ತದೆ. ತಾನಾಗಿ ಆಗಲಿ ಎಂದು ಬಿಟ್ಟರೆ ಬಾಯಿ ಇದ್ದವರಿಗೆ ಮಾತ್ರ ಹೇಳಿಕೊಡುವವರು ಸಿಗುತ್ತಾರೆ, ಸಂಕೋಚದವರು ಗೋಡೆಗೆ ಒರಗಿ ನಿಂತು ಮನೆಗೆ ಹೋಗುತ್ತಾರೆ. ಇವೆರಡರ ನಡುವಿನ ದಾರಿ ಎಂದರೆ ಪರಿಚಯ ಮಾಡಿಸುವ ಒಬ್ಬರನ್ನು ಇಟ್ಟುಕೊಳ್ಳುವುದು. ಅವರು ಹೇಳಿಕೊಡುವವರಲ್ಲ. ಹೊಸಬರ ಮೊದಲ ನಾಲ್ಕು ಭೇಟಿಯೊಳಗೆ ಮೂವರು ಹಳಬರ ಹತ್ತಿರ ಕರೆದುಕೊಂಡು ಹೋಗುವುದಷ್ಟೇ ಅವರ ಕೆಲಸ. ಆ ಮೂವರಲ್ಲಿ ಯಾರನ್ನು ಕೇಳಬೇಕು ಎಂಬುದನ್ನು ಹೊಸಬರೇ ಐದನೆಯ ಭೇಟಿಯ ಹೊತ್ತಿಗೆ ಆರಿಸಿಕೊಳ್ಳಲಿ.

ಪರಿಚಯ ಮಾಡಿಸುವಾಗ ಬರೀ ಹೆಸರು ಹೇಳಿದರೆ ಮಾತು ಅಲ್ಲೇ ಸಾಯುತ್ತದೆ. ಹೆಸರಿನ ಜೊತೆ, ಕೇಳಬಹುದಾದ ಒಂದು ವಿಷಯವನ್ನೂ ಕೊಡಬೇಕು: "ಇವರು ಕಳೆದ ವರ್ಷ ನಮ್ಮ ವಾರ್ಷಿಕ ಸಭೆಯ ಏರ್ಪಾಡು ನೋಡಿಕೊಂಡವರು, ಇವರಿಗೆ ಸಭೆ ನಡೆಸುವುದು ಕಲಿಯಬೇಕಂತೆ." ಇಬ್ಬರಿಗೂ ಮಾತಿನ ತುದಿ ಸಿಕ್ಕಿತು, ನೀವು ಪಕ್ಕಕ್ಕೆ ಸರಿಯಬಹುದು.

ಇನ್ನೊಂದು ತಪ್ಪು ಎಂದರೆ ಎಲ್ಲರಿಗಿಂತ ನಿಪುಣರನ್ನೇ ಹುಡುಕುವುದು. ಹೊಸಬರಿಗೆ ಹೇಳಿಕೊಡಲು ಹೆಚ್ಚು ಅನುಕೂಲ ಆಗುವವರು ಅದೇ ಕೆಲಸವನ್ನು ಎರಡು ಮೂರು ವರ್ಷದ ಹಿಂದೆ ಕಲಿತವರು. ಎಲ್ಲಿ ಎಡವಿದೆವು ಎಂಬುದು ಅವರಿಗೆ ಇನ್ನೂ ನೆನಪಿರುತ್ತದೆ. 30 ವರ್ಷ ಮಾಡಿದವರ ಕೈಗೆ ಕೆಲಸ ಹತ್ತಿಹೋಗಿರುತ್ತದೆ, ನಡುವಿನ ಹೆಜ್ಜೆಗಳು ಅವರ ಕಣ್ಣಿಗೇ ಬೀಳುವುದಿಲ್ಲ. 1990ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಲಿಜಬೆತ್ ನ್ಯೂಟನ್ ಮಾಡಿದ ಪ್ರಯೋಗವೊಂದಿದೆ. ಕೆಲವರು ಎಲ್ಲರಿಗೂ ಗೊತ್ತಿರುವ ಹಾಡಿನ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಬೇಕು, ಕೇಳುವವರು ಹಾಡು ಯಾವುದೆಂದು ಹೇಳಬೇಕು. ಅರ್ಧದಷ್ಟನ್ನಾದರೂ ಗುರುತಿಸುತ್ತಾರೆ ಎಂದು ತಟ್ಟುವವರು ನಂಬಿದ್ದರು. 120 ಹಾಡುಗಳಲ್ಲಿ ಕೇಳುವವರು ಗುರುತಿಸಿದ್ದು 3 ಮಾತ್ರ. ತಟ್ಟುವವರ ತಲೆಯೊಳಗೆ ಹಾಡು ಕೇಳಿಸುತ್ತಿರುತ್ತದೆ, ಎದುರಿನವರಿಗೆ ಕೇಳಿಸುವುದು ಬರೀ ಟಕ್ ಟಕ್. ಬಹಳ ಅನುಭವಿಗಳು ಹೇಳಿಕೊಡುವಾಗ ಆಗುವುದೂ ಇದೇ.

ಒಬ್ಬ ಹಳಬರಿಗೆ ಒಂದು ಹೊತ್ತಿನಲ್ಲಿ ಇಬ್ಬರಿಗಿಂತ ಹೆಚ್ಚು ಹೊಸಬರು ಬೇಡ.

ಚದುರಂಗಿ:
ಹಳೆಬೇರು ಸರ್ ಹೇಳಿದ್ದು ಒಪ್ಪುತ್ತೇನೆ, ಒಂದು ತಿದ್ದುಪಡಿ ಬೇಕು. ಐದನೆಯ ಭೇಟಿಯವರೆಗೆ ಹೊಸಬರು ಯಾರ ಜೊತೆಯೂ ಇಲ್ಲದೆ ಇದ್ದರೆ ಆರಿಸಿಕೊಳ್ಳುವ ಮೊದಲೇ ಬಿಟ್ಟು ಹೋಗುತ್ತಾರೆ. ಅದಕ್ಕೆ ಮೊದಲ ನಾಲ್ಕು ವಾರಕ್ಕೆ ಒಬ್ಬ ಜೊತೆಗಾರರನ್ನು ಸಮಿತಿಯೇ ಗೊತ್ತು ಮಾಡಲಿ. ಎಲ್ಲಿ ಕೂರಬೇಕು, ಯಾವ ರಿಜಿಸ್ಟರಿಗೆ ಸಹಿ, ಕೀಲಿ ಯಾರ ಹತ್ತಿರ, ಯಾವ ಗ್ರೂಪಿಗೆ ಸೇರಬೇಕು, ಇಷ್ಟು ಹೇಳುವವರು. ಜೊತೆಗಾರರು ಬೇರೆ, ಹೇಳಿಕೊಡುವವರು ಬೇರೆ. ಎರಡನ್ನೂ ಒಬ್ಬರ ತಲೆಗೇ ಕಟ್ಟಿದರೆ ಮೇಲೆ ಹೇಳಿದ ಡ್ಯೂಟಿ ರೋಗ ಹಿಂಬಾಗಿಲಿನಿಂದ ಬರುತ್ತದೆ.

ಹಳೆಬೇರು:
ಸರಿ, ಅದು ನಾನು ಬಿಟ್ಟಿದ್ದೆ. ನಾಲ್ಕು ವಾರ ಎಂದು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಜೊತೆಗಾರರನ್ನೇ ಗುರು ಎಂದುಕೊಳ್ಳುತ್ತಾರೆ.

ಮೈಕ್‌ಮುಂದೆ:
ಮೊದಲ ಭೇಟಿಯ ಬಗ್ಗೆ ಬರೆಯುತ್ತೇನೆ. ಅಲ್ಲಿ ಆಗಬೇಕಾದ್ದು ಒಂದೇ ಕೆಲಸ: ದೊಡ್ಡ ಆಸೆಯನ್ನು ಒಂದು ಸಣ್ಣ ಕೆಲಸಕ್ಕೆ ಇಳಿಸುವುದು. ಹೊಸಬರು ಯಾವಾಗಲೂ ದೊಡ್ಡದಾಗಿಯೇ ಕೇಳುತ್ತಾರೆ, ಕೇಳಲು ಬೇರೆ ಮಾತು ಅವರಿಗೆ ಇನ್ನೂ ಸಿಕ್ಕಿರುವುದಿಲ್ಲ. ಮಾತು ಹೀಗೆ ಸಾಗಬೇಕು:

"ಸಭೇಲಿ ಮಾತಾಡೋದು ಕಲೀಬೇಕು ಮೇಡಂ."
"ಯಾವಾಗ ಕಷ್ಟ ಆಗುತ್ತೆ? ಶುರು ಮಾಡೋವಾಗಲೋ, ಮಧ್ಯದಲ್ಲೋ?"
"ಎದ್ದು ನಿಂತ ಕೂಡಲೇ. ಅಂದ್ಕೊಂಡಿದ್ದೆಲ್ಲ ಮರೆತುಹೋಗುತ್ತೆ."
"ಕೂತ್ಕೊಂಡು ಮಾತಾಡಿದ್ರೆ?"
"ಆಗ ಏನೂ ಇಲ್ಲ."
"ಹಾಗಿದ್ರೆ ಎದ್ದು ನಿಂತ ಮೇಲಿನ ಎರಡು ವಾಕ್ಯ ಮಾತ್ರ ನೋಡೋಣ. ಮುಂದಿನ ತಿಂಗಳು ಅತಿಥಿಗಳನ್ನ ಪರಿಚಯ ಮಾಡಿಸ್ಬೇಕು, ಒಂದು ನಿಮಿಷದ ಕೆಲಸ. ಮಾಡ್ತೀರಾ?"

ಗಮನಿಸಿ, ಹಳಬರು ಮೂರು ಪ್ರಶ್ನೆ ಕೇಳುವ ತನಕ ಒಂದು ಸಲಹೆಯನ್ನೂ ಕೊಟ್ಟಿಲ್ಲ. ಮೊದಲ ವಾಕ್ಯಕ್ಕೇ "ಧೈರ್ಯ ಬೇಕು, ಕನ್ನಡಿ ಮುಂದೆ ಅಭ್ಯಾಸ ಮಾಡಿ" ಎಂದಿದ್ದರೆ ಕಷ್ಟ ಎಲ್ಲಿದೆ ಎಂಬುದೇ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಸಿಕ್ಕಿದ್ದೇನು? ಒಂದು ಕೆಲಸ, ಒಂದು ದಿನ, ಒಂದು ಅಳತೆ.

ಆ ಒಂದು ನಿಮಿಷವನ್ನು ಕಟ್ಟುವ ಬಗೆಯನ್ನೂ ಹೇಳಿಬಿಡುತ್ತೇನೆ, ಹೆಚ್ಚಿನ ಹೊಸಬರಿಗೆ ಸಿಗುವ ಮೊದಲ ಕೆಲಸ ಇದೇ. ಮೂರು ಭಾಗ: ಇವತ್ತಿನ ವಿಷಯ ನಮಗೆ ಯಾಕೆ ಬೇಕು, ಅದರ ಬಗ್ಗೆ ಮಾತಾಡಲು ಇವರೇ ಯಾಕೆ, ಕೊನೆಗೆ ಹೆಸರು. ಹೆಸರು ಕೊನೆಗೆ ಬಂದರೆ ಚಪ್ಪಾಳೆ ತಾನಾಗಿ ಬರುತ್ತದೆ, ಇಳಿಯುವುದು ಹೇಗೆಂದು ಹೊಸಬರು ತಡವರಿಸಬೇಕಾಗಿಲ್ಲ. ಅತಿಥಿಯ ಹೆಸರಿನ ಉಚ್ಚಾರವನ್ನು ಅವರ ಬಾಯಿಂದಲೇ ಮೊದಲು ಕೇಳಿಸಿಕೊಳ್ಳಬೇಕು. ಮೊದಲ ವಾಕ್ಯ ಬಾಯಿಪಾಠ ಇರಲಿ, ಉಳಿದದ್ದಕ್ಕೆ ಅಂಗೈಯಗಲದ ಕಾರ್ಡಿನಲ್ಲಿ ಮೂರು ಪದ ಸಾಕು. ಪೂರ್ತಿ ಬರೆದುಕೊಂಡರೆ ಕಣ್ಣು ಹಾಳೆ ಬಿಟ್ಟು ಮೇಲೇಳುವುದಿಲ್ಲ, ಸಾಲು ತಪ್ಪಿದರೆ ಗಾಬರಿ ಇನ್ನೂ ಹೆಚ್ಚು. ಫೋನಿನಲ್ಲಿ ಟೈಮರ್ ಇಟ್ಟು, ನಿಂತುಕೊಂಡು, ಗಟ್ಟಿಯಾಗಿ ಐದು ಸಲ ಹೇಳಿಸಿ. ನಿಂತೇ ಹೇಳಿಸಬೇಕು, ಕಷ್ಟ ಇರುವುದು ನಿಂತಾಗ ತಾನೆ. ಕೈಯಲ್ಲಿ ಹಿಡಿಯುವ ಮೈಕ್ ಆದರೆ ಬಾಯಿಗೂ ಅದಕ್ಕೂ ಒಂದು ಮುಷ್ಟಿ ಅಂತರ, ಗದ್ದದ ಮಟ್ಟದಿಂದ ಸ್ವಲ್ಪ ಓರೆಯಾಗಿ. ನೇರ ಬಾಯಿಗೆ ಹಿಡಿದರೆ "ಪ", "ಫ", "ಭ" ಬಂದಾಗಲೆಲ್ಲ ಉಸಿರು ಬಡಿದು ಡಬ್ ಅನ್ನುತ್ತದೆ. ತಲೆ ತಿರುಗಿಸಿದಾಗ ಮೈಕೂ ಜೊತೆಗೆ ತಿರುಗಬೇಕು.

ಸಂಜೆಮಾತು:
ಇದೇ ಬೇಕಾಗಿದ್ದದ್ದು. ಎಷ್ಟು ದಿನಕ್ಕೊಮ್ಮೆ ಕೂರಬೇಕು?

ಮೈಕ್‌ಮುಂದೆ:
ಎರಡು ವಾರಕ್ಕೊಮ್ಮೆ, 30 ರಿಂದ 40 ನಿಮಿಷ, ಒಟ್ಟು ಆರು ಸಲ. ಅಂದರೆ ಹೆಚ್ಚುಕಡಿಮೆ ಮೂರು ತಿಂಗಳು. ಕ್ಲಬ್ ಸೇರುವ ದಿನವೇ, ಸಭೆಗೆ ಮುಂಚಿನ ಅರ್ಧ ಗಂಟೆ ಇಟ್ಟುಕೊಂಡರೆ ಯಾರೂ ಬೇರೆ ದಿನ ಹೊಂದಿಸಬೇಕಾಗಿಲ್ಲ. ಸಭೆ ಮುಗಿದ ಮೇಲೆ ಇಡಬೇಡಿ, ಆಗ ಎಲ್ಲರಿಗೂ ಮನೆ ಸೇರುವ ಆತುರ. ಒಂದು ಭೇಟಿ ತಪ್ಪಿದರೆ ಪರವಾಗಿಲ್ಲ. ಸತತ ಎರಡು ತಪ್ಪಿದರೆ ಹಳಬರೇ ಬಾಯಿಬಿಟ್ಟು ಕೇಳಬೇಕು: "ಮುಂದಕ್ಕೆ ಹಾಕೋಣವಾ, ಇಲ್ಲಿಗೇ ಸಾಕಾ? ಎರಡೂ ಸರಿಯೇ." ಈ ಕೊನೆಯ ಎರಡು ಪದ ಬಿಡಬಾರದು. ಅದಿಲ್ಲದಿದ್ದರೆ ಹೊಸಬರು ಮುಖ ತಪ್ಪಿಸಿ ಓಡಾಡಲು ಶುರು ಮಾಡುತ್ತಾರೆ, ಆಮೇಲೆ ಕ್ಲಬ್ಬನ್ನೇ ಬಿಡುತ್ತಾರೆ.

ಲೆಕ್ಕದಪುಸ್ತಕ:
ಮಾತು ಕಲಿಸುವುದಕ್ಕೂ ಕೈಕೆಲಸ ಕಲಿಸುವುದಕ್ಕೂ ಸ್ವಲ್ಪ ವ್ಯತ್ಯಾಸ ಇದೆ. ಖಜಾಂಚಿಯ ಕೆಲಸವನ್ನೇ ತೆಗೆದುಕೊಳ್ಳಿ, ಯಾವ ಕ್ಲಬ್ಬಿನಲ್ಲೂ ಮುಂದಿನ ಖಜಾಂಚಿ ಸುಲಭಕ್ಕೆ ಸಿಗುವುದಿಲ್ಲ, ಹಾಗಾಗಿ ಒಬ್ಬರನ್ನು ಮೊದಲೇ ತಯಾರು ಮಾಡಬೇಕು.

ನಾಲ್ಕು ತಿಂಗಳು ಬೇಕು, ತಿಂಗಳಿಗೊಂದು ಲೆಕ್ಕ ಮುಗಿಸುವಂತೆ. ಮೊದಲ ತಿಂಗಳು ಹಳಬರು ಬರೆಯುತ್ತಾರೆ, ಹೊಸಬರು ಪಕ್ಕದಲ್ಲಿ ಕೂತು ನೋಡುತ್ತಾರೆ. ಎರಡನೆಯ ತಿಂಗಳು ಹಳಬರು ರಸೀದಿ ಓದುತ್ತಾರೆ, ಹೊಸಬರು ಬರೆಯುತ್ತಾರೆ. ಮೂರನೆಯ ತಿಂಗಳು ಹೊಸಬರೇ ಪೂರ್ತಿ ಮಾಡುತ್ತಾರೆ, ಹಳಬರು ಪಕ್ಕದಲ್ಲಿ ಬಾಯಿ ಮುಚ್ಚಿ ಕೂರುತ್ತಾರೆ. ನಾಲ್ಕನೆಯ ತಿಂಗಳು ಹೊಸಬರು ಒಬ್ಬರೇ ಮಾಡಿ ತಂದು ತೋರಿಸುತ್ತಾರೆ. ಕೆಡುವುದು ಮೂರನೆಯ ತಿಂಗಳಲ್ಲಿ. ಹೊಸಬರು ನಿಧಾನ ಮಾಡುತ್ತಾರೆ, ಹಳಬರಿಗೆ ತಡೆಯದೆ "ಕೊಡಿ ಇಲ್ಲಿ" ಎಂದು ಪೆನ್ನು ಕಿತ್ತುಕೊಳ್ಳುತ್ತಾರೆ. ಅಲ್ಲಿಗೆ ಮತ್ತೆ ಮೊದಲ ತಿಂಗಳಿಗೇ ಬಂದಂತೆ. ಪೆನ್ನು ಹೊಸಬರ ಕೈಯಲ್ಲೇ ಇರಬೇಕು, ಏನೇ ಆಗಲಿ.

ಬ್ಯಾಂಕ್ ಪುಸ್ತಕಕ್ಕೂ ನಮ್ಮ ನಗದು ಪುಸ್ತಕಕ್ಕೂ ತಾಳೆ ಹಾಕುವುದು ಎಲ್ಲರೂ ಹೆದರುವ ಭಾಗ. ಒಂದು ಲೆಕ್ಕ ಕೊಟ್ಟರೆ ಹೆದರಿಕೆ ಹೋಗುತ್ತದೆ. ಪಾಸ್‌ಬುಕ್ಕಿನಲ್ಲಿ 20,300 ಇದೆ. ನಾವು ಕಟ್ಟಿದ್ದು, ಬ್ಯಾಂಕ್ ಇನ್ನೂ ಜಮಾ ಮಾಡದ್ದು 1,250, ಅದನ್ನು ಕೂಡಿಸಿ. ನಾವು ಚೆಕ್ ಕೊಟ್ಟಿದ್ದೇವೆ, ಅವರು ಇನ್ನೂ ಬ್ಯಾಂಕಿಗೆ ಹಾಕಿಲ್ಲ, 3,100, ಅದನ್ನು ಕಳೆಯಿರಿ. 18,450 ಬರುತ್ತದೆ. ನಗದು ಪುಸ್ತಕದ ಬ್ಯಾಂಕ್ ಅಂಕಣದಲ್ಲೂ 18,450 ಇದ್ದರೆ ತಾಳೆ ಆಯಿತು.

ಬರದಿದ್ದರೆ? ವ್ಯತ್ಯಾಸ ಎಷ್ಟು ಎಂದು ಬರೆದು, ಮೂರು ಪರೀಕ್ಷೆ ಮಾಡಿಸಿ. ಅಷ್ಟೇ ಮೊತ್ತದ ಒಂದು ನಮೂದು ಬಿಟ್ಟುಹೋಗಿದೆಯಾ ನೋಡಿ. ಬ್ಯಾಂಕ್ ತಾನಾಗಿ ಹಿಡಿದುಕೊಂಡ ಶುಲ್ಕ, ತಾನಾಗಿ ಕೊಟ್ಟ ಬಡ್ಡಿ ಸಾಮಾನ್ಯವಾಗಿ ಇಲ್ಲಿ ಸಿಗುತ್ತವೆ. ಸಿಗದಿದ್ದರೆ ವ್ಯತ್ಯಾಸದ ಅರ್ಧ ಮೊತ್ತ ಹುಡುಕಿ: 600 ವ್ಯತ್ಯಾಸ ಇದ್ದರೆ 300ರ ಒಂದು ಜಮಾ ಖರ್ಚಿನ ಕಡೆ ಕೂತಿರಬಹುದು. ಅದೂ ಅಲ್ಲ, ವ್ಯತ್ಯಾಸ 9ರಿಂದ ಭಾಗ ಹೋಗುತ್ತದೆ ಎಂದಾದರೆ ಅಂಕಿ ಹಿಂದೆಮುಂದೆ ಆಗಿದೆಯಾ ನೋಡಿ. 450ನ್ನು 540 ಎಂದು ಬರೆದರೆ ವ್ಯತ್ಯಾಸ 90. 450ನ್ನು 45 ಎಂದು ಬರೆದರೆ 405, ಅದೂ 9ರಿಂದ ಭಾಗ ಹೋಗುತ್ತದೆ. ಈ ಮೂರನ್ನೂ ಹೊಸಬರ ಕೈಯಿಂದಲೇ ಮಾಡಿಸಲು ಒಂದು ಉಪಾಯ ಇದೆ: ಹಳೆಯ ತಿಂಗಳೊಂದರ ಪುಟವನ್ನು ಜೆರಾಕ್ಸ್ ಮಾಡಿಸಿ, ಅದರ ಮೇಲೆ ಬೇಕೆಂದೇ ಮೂರು ತಪ್ಪು ಸೇರಿಸಿ ಕೊಡಿ. ಅಸಲಿ ಪುಸ್ತಕದಲ್ಲಿ ಅಭ್ಯಾಸ ಬೇಡವೇ ಬೇಡ.

ಮಲ್ಲಿಗೆಬಳ್ಳಿ:
ಲೆಕ್ಕದಪುಸ್ತಕ ಅವರೇ, ಪುಟ ತೆಗೆದಿಟ್ಟುಕೊಂಡೆ. 9ರ ಪರೀಕ್ಷೆಗೆ ವಿಶೇಷ ಧನ್ಯವಾದ.

ನನ್ನ ಪ್ರಶ್ನೆ ತಿದ್ದುವ ಬಗ್ಗೆ. ಹೊಸಬರು ಮಾಡಿದ್ದರಲ್ಲಿ ಹತ್ತು ತಪ್ಪು ಕಂಡರೆ ಹತ್ತೂ ಹೇಳಬೇಕಾ?

ಮೈಕ್‌ಮುಂದೆ:
ಬೇಡ. ಒಂದು ಹೇಳಿ, ಎಲ್ಲಕ್ಕಿಂತ ಹೆಚ್ಚು ಕೆಡಿಸಿದ್ದು ಯಾವುದೋ ಅದು. ಜೊತೆಗೆ ಮುಂದಿನ ಸಲವೂ ಹೀಗೇ ಮಾಡಬೇಕು ಅನ್ನಿಸಿದ ಒಂದು. ಅದೇ ದಿನ, ಇಬ್ಬರೇ ಇದ್ದಾಗ. ಮೆಚ್ಚುವಾಗಲೂ ಬೆರಳಿಟ್ಟು ತೋರಿಸಬೇಕು. "ಚೆನ್ನಾಗಿತ್ತು" ಅಂದರೆ ಅವರು ಮತ್ತೆ ಮಾಡಬೇಕಾದ್ದು ಏನು ಎಂದು ತಿಳಿಯುವುದಿಲ್ಲ. "ಅತಿಥಿಗಳ ಹೆಸರಿಗೆ ಮೊದಲು ಒಂದು ಕ್ಷಣ ನಿಂತಿರಿ, ಅದರಿಂದ ಹೆಸರು ಎಲ್ಲರಿಗೂ ಕೇಳಿಸಿತು" ಅಂದರೆ ತಿಳಿಯುತ್ತದೆ. ತಪ್ಪು ಹೇಳುವಾಗ "ನಿಮಗೆ ಅವಸರ ಜಾಸ್ತಿ" ಎನ್ನಬೇಡಿ, ಅದು ಸ್ವಭಾವದ ಮೇಲೆ ಹೊರಿಸುವ ಮಾತು. "ಮೂರನೇ ವಾಕ್ಯದಿಂದ ವೇಗ ಹೆಚ್ಚಾಯಿತು, ಅಲ್ಲಿ ಒಂದು ಉಸಿರು ತೆಗೆದುಕೊಳ್ಳಿ" ಎನ್ನಿ. ಗ್ರೂಪಿನಲ್ಲಿ ಮೆಸೇಜ್ ಹಾಕಿ ತಿದ್ದುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಧ್ವನಿ ಇಲ್ಲದ ತಿದ್ದುಪಡಿ ಬೈಗುಳದ ಹಾಗೇ ಓದಿಸಿಕೊಳ್ಳುತ್ತದೆ.

ಚದುರಂಗಿ:
ಚೆಸ್‌ನಲ್ಲಿ ಇದಕ್ಕೆ ಒಂದು ನೇರ ರೂಪ ಇದೆ. ಆಟ ಮುಗಿದ ಮೇಲೆ ಇಬ್ಬರೂ ಅದೇ ಹಲಗೆಯ ಮೇಲೆ ನಡೆಗಳನ್ನು ಹಿಂದಕ್ಕೆ ತಂದು ನೋಡುತ್ತಾರೆ. ಆಗ ಗೆದ್ದವರು ಮೊದಲು ಮಾತಾಡಬಾರದು. "ಇಲ್ಲಿ ನೀವು ಏನು ಯೋಚಿಸಿದಿರಿ?" ಎಂದು ಕೇಳಿ, ಸೋತವರು ಹೇಳಿ ಮುಗಿಸಿದ ಮೇಲೆ ತಮ್ಮದು ಹೇಳಬೇಕು. ಆಟದಲ್ಲಿ ಒಂದೇ ಸ್ಥಾನ ಆರಿಸಿ, ಯಾವ ನಡೆಯಿಂದ ಆಟ ತಿರುಗಿತೋ ಅದು. 40 ನಡೆಗಳನ್ನೂ ತಿದ್ದಲು ಕೂತರೆ ಒಂದೂ ತಲೆಗೆ ಹೋಗುವುದಿಲ್ಲ. ಕಂಪ್ಯೂಟರ್ ತೆರೆಯುವುದು ಇದೆಲ್ಲ ಆದ ಮೇಲೆ. ಮೊದಲೇ ತೆರೆದರೆ ಸರಿಯಾದ ನಡೆ ಸಿಗುತ್ತದೆ, ತಪ್ಪು ಯೋಚನೆ ಎಲ್ಲಿಂದ ಬಂತು ಎಂಬುದು ಸಿಗುವುದಿಲ್ಲ.

ಪುಟ_ಹನ್ನೆರಡು:
ಈ ವಿಷಯ ಹೊಸದಲ್ಲ. ಬೆಂಜಮಿನ್ ಫ್ರಾಂಕ್ಲಿನ್ 1727ರಲ್ಲಿ ಫಿಲಡೆಲ್ಫಿಯಾದಲ್ಲಿ ಗೆಳೆಯರನ್ನು ಸೇರಿಸಿ ಜುಂಟೊ ಎಂಬ ಕೂಟ ಕಟ್ಟಿದರು. ಶುಕ್ರವಾರ ಸಂಜೆ ಸೇರುತ್ತಿದ್ದರು, ಸದಸ್ಯರ ಮಿತಿ 12. ಪ್ರತಿ ಸದಸ್ಯರೂ ಮೂರು ತಿಂಗಳಿಗೊಮ್ಮೆ ತಾವೇ ಬರೆದ ಪ್ರಬಂಧ ಓದಬೇಕಿತ್ತು. ಸಭೆಯಲ್ಲಿ ಕೇಳಲೆಂದು 24 ಪ್ರಶ್ನೆಗಳಿದ್ದವು. ಅದರಲ್ಲಿ ಒಂದರ ಸಾರ ಇಷ್ಟು: ಹೊಸದಾಗಿ ಕಸುಬು ಶುರು ಮಾಡಿದ ಅರ್ಹ ಯುವಕರು ಯಾರಾದರೂ ಗೊತ್ತೇ, ಅವರಿಗೆ ಈ ಕೂಟ ಹೇಗಾದರೂ ಒತ್ತಾಸೆ ಕೊಡಬಲ್ಲದೇ? ಇನ್ನೊಂದು, ನಿಮ್ಮ ಒಳ್ಳೆಯ ಉದ್ದೇಶಕ್ಕೆ ಕೂಟದವರು ಯಾವ ರೀತಿ ನೆರವಾಗಬಹುದು?

ಸಹಾಯ ಕೇಳುವುದನ್ನು ಸದಸ್ಯರ ಧೈರ್ಯಕ್ಕೆ ಬಿಡದೆ ಕಾರ್ಯಕ್ರಮದ ಒಂದು ಸಾಲು ಮಾಡಿದ್ದರು, ಅದು ನನಗೆ ಬಹಳ ಹಿಡಿಸುತ್ತದೆ. ಯಾವ ಕ್ಲಬ್ಬಾದರೂ ಸಭೆಯ ಕೊನೆಯ ಐದು ನಿಮಿಷ ಇದಕ್ಕೇ ಇಡಬಹುದು: "ಈ ತಿಂಗಳು ಯಾರಿಗೆ ಯಾವುದರಲ್ಲಿ ಕೈಜೋಡಿಸಬೇಕು?" ಮೊದಲು ಹಳಬರೊಬ್ಬರು ತಮ್ಮ ಬೇಡಿಕೆ ಹೇಳಿದರೆ ಹೊಸಬರ ಬಾಯಿ ಬಿಚ್ಚುತ್ತದೆ. ಖಡಾಖಂಡಿತವಾಗಿ ಮಾತಾಡುವುದು, ಮುಖಕ್ಕೆ ಹೊಡೆದಂತೆ ವಿರೋಧಿಸುವುದು ಜುಂಟೊದಲ್ಲಿ ನಿಷಿದ್ಧ. ಮಾಡಿದವರಿಗೆ ಸಣ್ಣ ದಂಡ ಇತ್ತು.

ದಾರಿದೀಪ_ಬೇಕು:
ಕೆಲಸ ಹುಡುಕುವವರು, ವ್ಯಾಪಾರ ಶುರು ಮಾಡುವವರು ಕ್ಲಬ್ಬಿಗೆ ಸೇರಿ ಹಳಬರ ಸಹಾಯ ಕೇಳಿದರೆ ಎಲ್ಲಿಯವರೆಗೆ ಹೋಗಬಹುದು? ಹಣದ ವಿಷಯ ಬಂದರೆ?

ಹಳೆಬೇರು:
ಕೆಲಸದ ವಿಷಯದಲ್ಲಿ ಕ್ಲಬ್ಬಿನ ಪರಿಚಯಕ್ಕೆ ನಿಜವಾದ ಬೆಲೆ ಇದೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಇದನ್ನು ತೋರಿಸಿಕೊಟ್ಟರು: ಕೆಲಸದ ಸುದ್ದಿ ಆಪ್ತರಿಗಿಂತ ಹೆಚ್ಚಾಗಿ ಆಗೊಮ್ಮೆ ಈಗೊಮ್ಮೆ ಸಿಗುವ ಪರಿಚಿತರಿಂದ ಬರುತ್ತದೆ. ಆಪ್ತರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ, ಪರಿಚಿತರು ಓಡಾಡುವ ಜಾಗ ಬೇರೆ.

ಆದರೆ ಪರಿಚಯ ಬೇರೆ, ಶಿಫಾರಸು ಬೇರೆ. "ಇವರು ನಮ್ಮ ಕ್ಲಬ್ಬಿನವರು, ಈ ಕ್ಷೇತ್ರದ ಬಗ್ಗೆ 20 ನಿಮಿಷ ಮಾತಾಡಬೇಕಂತೆ, ನಿಮಗೆ ಆಗುತ್ತದಾ?" ಎಂದು ಕೇಳುವುದು ಪರಿಚಯ. ಆ ಕಡೆಯವರು ಒಪ್ಪಿದ ಮೇಲೆ ಮಾತ್ರ ನಂಬರ್ ಕೊಡಬೇಕು. "ಇವರು ಚೆನ್ನಾಗಿ ಕೆಲಸ ಮಾಡುತ್ತಾರೆ" ಎನ್ನುವುದು ಶಿಫಾರಸು, ಅವರ ಕೆಲಸವನ್ನು ಕಣ್ಣಾರೆ ನೋಡಿಲ್ಲದಿದ್ದರೆ ಆ ಮಾತು ಆಡಬಾರದು.

ಹಣದ ಬಗ್ಗೆ ಒಂದೇ ಮಾತು: ಜೋಡಿ ಇರುವಷ್ಟು ದಿನ ಸಾಲ ಕೊಡುವುದೂ ಇಲ್ಲ, ಕೇಳುವುದೂ ಇಲ್ಲ, ಪಾಲಿಸಿ, ಹೂಡಿಕೆ, ಚೈನ್ ವ್ಯಾಪಾರ ಮಾರುವುದಂತೂ ಇಲ್ಲವೇ ಇಲ್ಲ. ಕೆಟ್ಟವರು ಎಂದಲ್ಲ. ಹೇಳಿಕೊಡುವವರಿಗೆ "ಆಗಲ್ಲ" ಅನ್ನಲು ಹೊಸಬರಿಗೆ ಬಾಯಿ ಬರುವುದಿಲ್ಲ. ಔಷಧಿ, ಕೋರ್ಟು, ತೆರಿಗೆ ಇಂಥ ಪ್ರಶ್ನೆ ಬಂದರೆ ಹಳಬರು ತಾವೇ ಉತ್ತರ ಕೊಡದೆ ಅದನ್ನು ಬಲ್ಲ ವೃತ್ತಿಯವರ ಹತ್ತಿರ ಕಳಿಸಬೇಕು.

ಮಲ್ಲಿಗೆಬಳ್ಳಿ:
ಇದಕ್ಕೆ ಸೇರಿಸುವುದು ಇದೆ. ಭೇಟಿ ಕ್ಲಬ್ಬಿನ ಜಾಗದಲ್ಲೇ, ನಾಲ್ಕು ಜನ ಓಡಾಡುವ ಕಡೆ ಇರಲಿ. ಮನೆಗೆ ಕರೆಯುವುದು, ರಾತ್ರಿ ಫೋನ್ ಮಾಡುವುದು ಬೇಡ. 18 ತುಂಬದ ಸದಸ್ಯರಿದ್ದರೆ ಮನೆಯವರಿಗೆ ತಿಳಿಸಿಯೇ ಶುರು ಮಾಡಬೇಕು, ಮಗುವಿನ ಜೊತೆ ದೊಡ್ಡವರು ಒಬ್ಬರೇ ಇರುವ ಹಾಗಾಗಬಾರದು. ಕಾರಣ ಹೇಳದೆ ಜೋಡಿ ಬಿಡಿಸಿಕೊಳ್ಳುವ ಹಕ್ಕು ಇಬ್ಬರಿಗೂ ಇರಬೇಕು. ತೊಂದರೆ ಆದರೆ ಹೇಳಲು ಒಬ್ಬರಲ್ಲ, ಇಬ್ಬರ ಹೆಸರು ಮೊದಲೇ ಗೊತ್ತಿರಲಿ, ಅವರಲ್ಲಿ ಒಬ್ಬರು ಮಹಿಳೆ. ಒಬ್ಬರೇ ಇದ್ದು, ತೊಂದರೆ ಕೊಟ್ಟವರು ಅವರ ಗೆಳೆಯರೇ ಆಗಿಬಿಟ್ಟರೆ ದೂರು ಹೊರಗೆ ಬರುವುದೇ ಇಲ್ಲ.

ಕೂತು ಮಾತಾಡಿದ ಸ್ವಂತ ವಿಷಯ ಸಮಿತಿಗೂ ಹೋಗಬಾರದು. ಯಾರದಾದರೂ ಜೀವಕ್ಕೆ ಅಪಾಯ, ಮಕ್ಕಳಿಗೆ ಅಪಾಯ ಎಂಬ ಸಂದರ್ಭ ಮಾತ್ರ ಬೇರೆ, ಆ ಹೊರತನ್ನು ಮೊದಲ ದಿನವೇ ಹೇಳಿಬಿಡಬೇಕು.

ಚದುರಂಗಿ:
ವಯಸ್ಸಾದವರು ಹೊಸಬರಾಗಿ ಬಂದು, ಚಿಕ್ಕವರು ಹೇಳಿಕೊಡುವುದೂ ಇದೆ, ಫೋನ್, ಆನ್‌ಲೈನ್ ಸಭೆ ಇಂಥದ್ದು. ಇದನ್ನು ಕಂಪನಿಗಳೂ ಮಾಡಿವೆ: ಜನರಲ್ ಎಲೆಕ್ಟ್ರಿಕ್‌ನಲ್ಲಿ ಜಾಕ್ ವೆಲ್ಚ್ 1999ರಲ್ಲಿ ಸುಮಾರು 500 ಮೇಲಧಿಕಾರಿಗಳಿಗೆ ಕಿರಿಯರ ಹತ್ತಿರ ಇಂಟರ್ನೆಟ್ ಕಲಿಯಲು ಹೇಳಿದ್ದರು. ಇಲ್ಲೂ ಪೆನ್ನಿನ ನಿಯಮವೇ. ಫೋನ್ ಹಿರಿಯರ ಕೈಯಲ್ಲಿರಬೇಕು, ಚಿಕ್ಕವರ ಬೆರಳು ಪರದೆ ಮುಟ್ಟಬಾರದು. "ಬಲಗಡೆ ಮೇಲೆ ಮೂರು ಚುಕ್ಕೆ ಕಾಣ್ತಿದೆಯಾ? ಅದನ್ನು ಒತ್ತಿ" ಎಂದು ಕಣ್ಣಿಗೆ ಕಾಣುವುದನ್ನೇ ಹೇಳಬೇಕು, "ಸೆಟ್ಟಿಂಗ್ಸ್‌ಗೆ ಹೋಗಿ" ಅಂದರೆ ಸಾಲದು. ಹೆಜ್ಜೆಗಳನ್ನು ಹಿರಿಯರೇ ತಮ್ಮ ಮಾತಿನಲ್ಲಿ, ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಲಿ. ಓಟಿಪಿ, ಪಿನ್ ಹೇಳಿಕೊಡುವವರಿಗೂ ತೋರಿಸಬಾರದು ಎಂಬುದೇ ಮೊದಲ ಪಾಠ, ಚಿಕ್ಕವರು ಆ ಹೊತ್ತಿಗೆ ಮುಖ ಆಚೆ ತಿರುಗಿಸಿ ತೋರಿಸಬೇಕು.

ಸಂಜೆಮಾತು:
ಮುಗಿಸುವುದರ ಬಗ್ಗೆ ಯಾರೂ ಬರೆದಿಲ್ಲ.

ಪುಟ_ಹನ್ನೆರಡು:
ಇಂಥ ಸಂಬಂಧಗಳನ್ನು ಅಧ್ಯಯನ ಮಾಡಿದ ಕ್ಯಾಥಿ ಕ್ರಾಮ್ 1983ರಲ್ಲಿ ನಾಲ್ಕು ಹಂತ ಗುರುತಿಸಿದರು: ಶುರುವಾಗುವುದು, ಬೆಳೆಯುವುದು, ಬೇರೆಯಾಗುವುದು, ಆಮೇಲೆ ಬೇರೊಂದು ರೂಪದಲ್ಲಿ ಮುಂದುವರಿಯುವುದು. ಅವರು ನೋಡಿದ್ದು ಉದ್ಯೋಗದ ಜಾಗದಲ್ಲಿ, ಕ್ಲಬ್ಬಿಗೂ ಹೊಂದುತ್ತದೆ. ನಾವು ಮರೆಯುವುದು ಮೂರನೆಯದನ್ನು. ಮುಗಿಯಿತು ಎಂದು ಹೇಳದ ಕಾರಣ ಹೊಸಬರಿಗೆ ಋಣ ಉಳಿದ ಹಾಗೆ, ಹಳಬರಿಗೆ ಮರೆತುಬಿಟ್ಟರು ಎಂಬ ಬೇಸರ.

ಆರನೆಯ ಭೇಟಿಯಲ್ಲಿ ಹೊಸದೇನೂ ಹೇಳಿಕೊಡಬೇಡಿ. ಹೊಸಬರು ತಾವು ಕಲಿತದ್ದನ್ನು ಹಳಬರಿಗೆ ಹತ್ತು ನಿಮಿಷ ಹೇಳಿಕೊಡಲಿ, ತಾಳೆ ಹಾಕುವುದಾದರೆ ತಾಳೆ, ಪರಿಚಯ ಭಾಷಣವಾದರೆ ಭಾಷಣ. ಎಲ್ಲಿ ತಡೆಯುತ್ತಾರೋ ಅಲ್ಲಿ ಇನ್ನೂ ಕಲಿಯುವುದಿದೆ. ಆಮೇಲೆ ಮೂರರಲ್ಲಿ ಒಂದು: ಇಲ್ಲಿಗೆ ಮುಗಿಸುವುದು, ಬೇರೆ ವಿಷಯಕ್ಕೆ ಬೇರೆಯವರ ಹತ್ತಿರ ಹೋಗುವುದು, ಅಥವಾ ಹೊಸ ಕೆಲಸ ಗೊತ್ತು ಮಾಡಿಕೊಂಡು ಇನ್ನು ಆರು ಭೇಟಿ. "ಹೀಗೇ ಮುಂದುವರಿಸೋಣ" ಎಂಬ ನಾಲ್ಕನೆಯದು ಇಲ್ಲ.

ಮಲ್ಲಿಗೆಬಳ್ಳಿ:
ಇಷ್ಟೆಲ್ಲ ನಿಯಮ ಹಾಕಿದರೆ ಅನೌಪಚಾರಿಕ ಅನ್ನುವುದಕ್ಕೆ ಏನು ಉಳಿಯಿತು ಎಂದು ಯಾರಾದರೂ ಕೇಳಬಹುದು. ನನ್ನ ಅಭಿಪ್ರಾಯ: ಇದರಲ್ಲಿ ಸದಸ್ಯರ ಕಿವಿಗೆ ಬೀಳಬೇಕಾದ್ದು ನಾಲ್ಕೇ. ಒಂದು ಸಣ್ಣ ಕೆಲಸ, ಆರು ಭೇಟಿ, ಹಣದ ಮಾತಿಲ್ಲ, ಬೇಡವಾದಾಗ ಬಿಡಬಹುದು. ಉಳಿದದ್ದು ಹೇಳಿಕೊಡುವವರು ತಮ್ಮೊಳಗೆ ಇಟ್ಟುಕೊಳ್ಳುವುದು.

ಸಂಜೆಮಾತು:
ಕೊನೆಯದೊಂದು. ದಾಖಲೆ ಇಡಬೇಕಾ?

ಲೆಕ್ಕದಪುಸ್ತಕ:
ಒಂದೇ ಹಾಳೆ ಸಾಕು, ಪರಿಚಯ ಮಾಡಿಸುವವರ ಹತ್ತಿರ ಇರಲಿ. ಐದು ಅಂಕಣ: ಹೇಳಿಕೊಡುವವರು, ಕಲಿಯುವವರು, ಯಾವ ಕೆಲಸ, ಶುರುವಾದ ದಿನ, ಮುಗಿಯಬೇಕಾದ ದಿನ. ಷರಾ ಎಂಬ ಅಂಕಣ ಇಡಬೇಡಿ. ಇಟ್ಟರೆ ಯಾರಾದರೂ ಅಲ್ಲಿ ಕಲಿಯುವವರ ಬಗ್ಗೆ ಅಭಿಪ್ರಾಯ ಬರೆದೇ ಬರೆಯುತ್ತಾರೆ, ಅದನ್ನು ಇನ್ನೊಬ್ಬರು ಓದೇ ಓದುತ್ತಾರೆ. ಮುಗಿಯುವ ದಿನದ ಹಿಂದಿನ ವಾರ ಇಬ್ಬರಿಗೂ ಒಂದು ನೆನಪೋಲೆ, ಮುಗಿದ ಮೇಲೆ ಆ ಸಾಲಿಗೆ ಒಂದು ಗೆರೆ.